ಸೆವೆನ್ ಸಮುರಾಯ್ - ಗೆದ್ದವರು ಯಾರು?

ಕಳೆದ ಭಾನುವಾರ ಊಟ ಮುಗಿಸಿ ಅಕಿರಾ ಕುರೋಸಾವಾನ 'ಸೆವೆನ್ ಸಮುರಾಯ್' ಹಾಕಿಕೊಂಡು ಕೂತೆ. 1954ರ ಚಿತ್ರ, ಹತ್ತಿರಹತ್ತಿರ ಮೂರೂವರೆ ಗಂಟೆ. ನಾನು ನೋಡುತ್ತಿದ್ದದ್ದು ಮೂರನೇ ಸಲ. ಪಕ್ಕದಲ್ಲಿ ಅಮ್ಮ. (ಇನ್ನೂ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ಕೊನೆಯನ್ನು ಹೇಳಿಬಿಡುತ್ತಿದ್ದೇನೆ!)

ಬಾರ್ಲಿ ಕೊಯ್ಲಾದ ಕೂಡಲೇ ದರೋಡೆಕೋರರು ಬರುತ್ತಾರೆಂದು ಹೆದರಿದ ಹಳ್ಳಿಯವರು ಏಳು ಜನ ಸಮುರಾಯ್‌ಗಳನ್ನು ಕರೆತರುತ್ತಾರೆ. ಕೂಲಿ ಅಂದರೆ ಹೊಟ್ಟೆತುಂಬ ಅನ್ನ, ಅಷ್ಟೇ. ಮಳೆ, ಕೆಸರಿನ ನಡುವೆ ನಡೆಯುವ ಕೊನೆಯ ಕಾಳಗದಲ್ಲಿ ದರೋಡೆಕೋರರೆಲ್ಲ ಸಾಯುತ್ತಾರೆ. ಏಳರಲ್ಲಿ ಉಳಿಯುವವರು ಮೂವರು.

ಕಾಲೇಜಿನಲ್ಲಿದ್ದಾಗ ಮೊದಲ ಸಲ ನೋಡಿ ಆ ಕೊನೆಗೆ ಸಿಟ್ಟು ಬಂದಿತ್ತು. ಗುಡ್ಡದ ಮೇಲೆ ನಾಲ್ಕು ಮಣ್ಣಿನ ಗೋರಿ, ಅವುಗಳ ಮೇಲೆ ನೆಟ್ಟ ಕತ್ತಿ. ಕೆಳಗೆ ಗದ್ದೆಯಲ್ಲಿ ಡೋಲು ಬಡಿಯುತ್ತಾ, ಹಾಡುತ್ತಾ ಭತ್ತದ ನಾಟಿ! ಕತ್ಸುಶಿರೊನನ್ನು ಪ್ರೀತಿಸಿದ ಶಿನೋ ಕೂಡ ಅವನನ್ನು ದಾಟಿಕೊಂಡು ಗದ್ದೆಗೆ ಇಳಿಯುತ್ತಾಳೆ. ಈ ಸಲವೂ ಸೋತವರು ನಾವೇ, ಗೆದ್ದವರು ಆ ರೈತರು ಅನ್ನುತ್ತಾನೆ ಹಿರಿಯ ಕಾಂಬೆ. ಎಂಥ ಕೃತಘ್ನ ಜನ ಅನ್ನಿಸಿತ್ತು ನನಗೆ.

ಎರಡನೇ ಸಲ ಇನ್ನೊಂದು ಕಣ್ಣಿಗೆ ಬಿತ್ತು. ಸತ್ತ ನಾಲ್ವರೂ ಸತ್ತದ್ದು ಗುಂಡಿಗೆ. ಕತ್ತಿ ಹಿಡಿದರೆ ಸಾಟಿಯೇ ಇಲ್ಲದ ಕ್ಯೂಜೊ ಕೂಡ. ಪೋರ್ಚುಗೀಸರಿಂದ ಜಪಾನಿಗೆ ಬಂದೂಕು ಬಂದದ್ದು 1543ರಲ್ಲಿ. ಕಥೆ ನಡೆಯುವುದು 1580ರ ದಶಕದಲ್ಲಿ. ರೈತನ ಮಗ ಕಿಕುಚಿಯೊ ಸಮುರಾಯ್ ಎಂದು ಸುಳ್ಳು ಹೇಳಿಕೊಂಡು ಬಂದವನು, ಕೊನೆಗೆ ಅವನ ಗೋರಿಯ ಮೇಲೂ ಕತ್ತಿ ನಿಲ್ಲುತ್ತದೆ. 1588ರಲ್ಲಿ ಹಿದೆಯೋಶಿ ರೈತರ ಕೈಯಲ್ಲಿದ್ದ ಆಯುಧಗಳನ್ನೆಲ್ಲ ಕಿತ್ತುಕೊಳ್ಳಲು ಆಜ್ಞೆ ಹೊರಡಿಸಿದ. ಆಮೇಲೆ ಕಿಕುಚಿಯೊನಂಥವರಿಗೆ ಆ ದಾರಿಯೂ ಮುಚ್ಚುತ್ತಾ ಹೋಯಿತು.

ಈ ಸಲ ಅಮ್ಮನಿಗೆ ಸಬ್‌ಟೈಟಲ್ ಓದಿ ಹೇಳುವ ಕೆಲಸ ನನ್ನದು. ಕಾಳಗ ನಡೆಯುವಾಗ ಅಮ್ಮ ತೂಕಡಿಸುತ್ತಿದ್ದಳು. ನಾಟಿ ಶುರುವಾದದ್ದೇ ಎದ್ದು ಕೂತಳು.

"ನೋಡಮ್ಮ, ಅವರಿಗೋಸ್ಕರ ನಾಲ್ಕು ಜನ ಸತ್ತಿದ್ದಾರೆ, ಇವರು ಹಾಡ್ತಾ ಇದ್ದಾರೆ" ಅಂದೆ.

"ಮತ್ತೇನು ಮಾಡಬೇಕಿತ್ತು? ಸಸಿ ಕಿತ್ತ ಮೇಲೆ ಇಟ್ಕೊಂಡು ಕೂರೋಕಾಗುತ್ತೇನೋ? ನಿಮ್ಮ ತಾತ ತೀರಿಕೊಂಡ ಮೂರನೇ ದಿನಕ್ಕೇ ನಾಟಿ ಮಾಡಿದ್ವಿ ನಾವು. ಸೂತಕ ಅಂದ್ರೆ ಸಸಿ ಕೇಳುತ್ತಾ?"

"ಹಾಡಿದ್ರಾ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಡದೆ ಇದ್ರೆ ಕೈ ಓಡಲ್ಲ. ಅಳ್ತಾನೇ ಹಾಡಿದ್ವಿ."

ತಾತನ ಸಾವಿನ ಬಗ್ಗೆ ಅಮ್ಮ ಇಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಇಷ್ಟು ವರ್ಷ ಆ ರೈತರನ್ನು ಕೃತಘ್ನರು ಅಂದುಕೊಂಡಿದ್ದೆನಲ್ಲ ಅಂತ ನಾಚಿಕೆಯಾಯಿತು.

ಟಿವಿ ಆರಿಸುವಾಗ ಅಮ್ಮ ಕೇಳಿದಳು, "ಆ ಉಳಿದ ಮೂರು ಜನಕ್ಕೆ ಹೋಗೋ ಮುಂಚೆ ಊಟಕ್ಕೆ ಹಾಕಿದ್ರೇನೋ?"

ಕುರೋಸಾವಾ ಅದನ್ನು ತೋರಿಸಿಲ್ಲ.