ದಿಕ್ಕು ಅಲ್ಲೇ ಇರುತ್ತದೆ, ತಿರುಗುವುದು ನಾವು

ತಾರ್ಕಿಕ ಸಾಮರ್ಥ್ಯದ ಪ್ರಶ್ನೆಪತ್ರಿಕೆಯಲ್ಲಿ ದಿಕ್ಕು ಮತ್ತು ದೂರದ ಲೆಕ್ಕ ಬಂದರೆ, ಕೊನೆಗೆ ನೋಡೋಣ ಎಂದು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ನನ್ನ ತಂಗಿಯೂ ಹಾಗೇ ಮಾಡುತ್ತಿದ್ದಳು. ಅವಳು ಸರಕಾರಿ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ. ಈ ವರ್ಷ ಎನ್‌ಎಂಎಂಎಸ್ ಪರೀಕ್ಷೆ ಬರೆಯಬೇಕು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ, ನಾಲ್ಕು ವರ್ಷಕ್ಕೆ 48,000. ಬೀಡಿ ಕಟ್ಟಿ ಮನೆ ನಡೆಸುವ ನಮ್ಮ ಉಮ್ಮನಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಮಾನಸಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90 ಪ್ರಶ್ನೆಗಳು, 90 ನಿಮಿಷ. ಬಿಟ್ಟು ಹೋದದ್ದಕ್ಕೆ ಮತ್ತೆ ಬರಲು ಸಮಯ ಸಿಗುವುದಿಲ್ಲ.

ಹಾಗಾಗಿ ರಾತ್ರಿ ಊಟದ ನಂತರ ನಾನೇ ಅವಳಿಗೆ ಹೇಳಿಕೊಡಲು ಕುಳಿತೆ. ಕೂಡುವುದು ಕಳೆಯುವುದರಲ್ಲಿ ಅವಳು ನನಗಿಂತ ಚುರುಕು. ತೊಡಕು ಇದ್ದದ್ದು "ಎಡಕ್ಕೆ ತಿರುಗಿದನು" ಎಂಬ ಮಾತಿನಲ್ಲಿ. ದಕ್ಷಿಣಕ್ಕೆ ನಡೆಯುತ್ತಿರುವವನು ಎಡಕ್ಕೆ ತಿರುಗಿದರೆ ಪೂರ್ವಕ್ಕೆ ಹೋಗುತ್ತಾನೆ. ಇವಳು ಮಾತ್ರ ತನ್ನ ಎಡಗೈ ಇದ್ದ ಕಡೆಗೇ ಗೆರೆ ಎಳೆಯುತ್ತಿದ್ದಳು.

ಎದ್ದು ನಿಲ್ಲಲು ಹೇಳಿದೆ. ದಿನಕ್ಕೆ ಐದು ಹೊತ್ತು ನಾವು ಕಿಬ್ಲಾದ ಕಡೆಗೆ ಮುಖ ಮಾಡುತ್ತೇವೆ. ನಮ್ಮ ಕರಾವಳಿಯಿಂದ ಅದು ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತೆ ಇದೆ. ಲೆಕ್ಕಕ್ಕೆ ಪಶ್ಚಿಮ ಎಂದೇ ಇಟ್ಟುಕೊಂಡರೆ ಬಲಗೈ ಕಡೆ ಉತ್ತರ, ಎಡಗೈ ಕಡೆ ದಕ್ಷಿಣ, ಬೆನ್ನ ಹಿಂದೆ ಪೂರ್ವ. ಅವಳು ಹಾಗೆ ನಿಂತು, ಆಮೇಲೆ ಒಂದೊಂದೇ ದಿಕ್ಕಿಗೆ ತಿರುಗಿ, ಪ್ರತಿ ಸಲ ಎಡಗೈ ಚಾಚಿ ಅದು ಯಾವ ಗೋಡೆಯನ್ನು ತೋರಿಸುತ್ತದೆ ಎಂದು ಹೇಳಿದಳು. ಗೋಡೆಗಳು ಇದ್ದಲ್ಲೇ ಇದ್ದವು. ಎಡ ಬಲ ಮಾತ್ರ ಅವಳ ಜೊತೆ ತಿರುಗುತ್ತಿತ್ತು. ಈ ಲೆಕ್ಕಗಳ ಅರ್ಧ ಗುಟ್ಟು ಇಷ್ಟೇ: ದಿಕ್ಕು ಭೂಮಿಯದ್ದು, ಎಡ ಬಲ ನಡೆಯುವವನದ್ದು.

ಉಳಿದ ಅರ್ಧ ಚಿತ್ರದಲ್ಲಿದೆ. ಮನಸ್ಸಿನಲ್ಲೇ ಬಿಡಿಸಲು ಹೋಗಬಾರದು. ಹಾಳೆಯ ಮೇಲ್ಭಾಗದಲ್ಲಿ "ಉ" ಎಂದು ಬರೆದು ಪ್ರತಿ ಹೆಜ್ಜೆಗೂ ಒಂದು ಗೆರೆ ಎಳೆಯಬೇಕು. ಪುಸ್ತಕದ ಲೆಕ್ಕಗಳು ಬೇಸರವಾದಾಗ ಉಮ್ಮ ಬೀಡಿ ಬ್ರಾಂಚಿಗೆ ಹೋಗುವ ದಾರಿಯನ್ನೇ ಲೆಕ್ಕ ಮಾಡಿದೆವು. ಮನೆಯಿಂದ ಉತ್ತರಕ್ಕೆ ಸುಮಾರು 500 ಮೀಟರ್, ಬಲಕ್ಕೆ ತಿರುಗಿ 400, ಮತ್ತೆ ಬಲಕ್ಕೆ ತಿರುಗಿ 200. ಉತ್ತರಕ್ಕೆ ಹೋದ 500ರಲ್ಲಿ ದಕ್ಷಿಣಕ್ಕೆ ಬಂದ 200 ಕಳೆದರೆ 300. ಪೂರ್ವಕ್ಕೆ 400. ಪೈಥಾಗೊರಸ್ ಪ್ರಮೇಯದ 3, 4, 5 ಇಲ್ಲೇ ಇದೆ. ನೇರ ದೂರ 500 ಮೀಟರ್, ಬ್ರಾಂಚ್ ಇರುವುದು ಮನೆಯಿಂದ ಈಶಾನ್ಯಕ್ಕೆ. ಬ್ರಾಂಚಿನಿಂದ ಮನೆ ಯಾವ ದಿಕ್ಕಿಗೆ ಎಂದು ಕೇಳಿದರೆ ಉತ್ತರ ಬೇರೆ, ನೈಋತ್ಯ. ಅದಕ್ಕೇ ಪ್ರಶ್ನೆಯ ಕೊನೆಯ ಸಾಲನ್ನು ಎರಡು ಸಲ ಓದಬೇಕು.

ತಂಗಿ ಚಿತ್ರವನ್ನೇ ನೋಡುತ್ತಾ, "ಹಾಗಾದರೆ ಉಮ್ಮ ನಡೆಯುವುದು 1,100 ಮೀಟರ್. ಗದ್ದೆಯ ನಡುವೆ ದಾರಿ ಇದ್ದಿದ್ದರೆ 600 ಉಳಿಯುತ್ತಿತ್ತು" ಎಂದಳು. ಬೀಡಿಯ ಕಟ್ಟು ಹಿಡಿದು ಹೋಗುವಾಗ ಒಮ್ಮೆ, ಎಲೆ ಹೊಗೆಸೊಪ್ಪು ತರುವಾಗ ಮತ್ತೊಮ್ಮೆ ಆ 600. ಉಮ್ಮ ಬೀಡಿ ಕಟ್ಟುತ್ತಲೇ ನಕ್ಕರು. "ನೇರ ದಾರಿಯಲ್ಲಿ ಗದ್ದೆಯವರ ಬೇಲಿ ಇದೆ, ಅದನ್ನೂ ಬರೆದುಕೋ" ಎಂದರು. ಅಂದಿನಿಂದ ತಂಗಿ ನೇರ ದೂರ, ನಡೆದ ದೂರ ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತಾಳೆ.

ಗೆಳೆಯ ಗೆಳತಿಯರೇ, ಪಿಯುಸಿ ನಂತರ ನಾವು ಬರೆಯುವ ಎಸ್‌ಎಸ್‌ಸಿ, ರೈಲ್ವೆ ಪರೀಕ್ಷೆಗಳಲ್ಲೂ ಈ ಲೆಕ್ಕಗಳು ಬರುತ್ತವೆ. ನಿಮ್ಮ ಮನೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯ ಎಂಟನೇ ತರಗತಿಯ ತಮ್ಮ ತಂಗಿಯರಿದ್ದು, ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದಿದ್ದರೆ, ಎನ್‌ಎಂಎಂಎಸ್ ಅರ್ಜಿಯ ಬಗ್ಗೆ ಶಾಲೆಯಲ್ಲಿ ಕೇಳಿ. ದಿನಕ್ಕೆ ಅರ್ಧ ಗಂಟೆ ಅವರ ಜೊತೆ ಕುಳಿತುಕೊಳ್ಳಿ. ನನ್ನ ತಂಗಿ ಈಗ ಇಂಥ ಒಂದು ಲೆಕ್ಕವನ್ನು ನಿಮಿಷದೊಳಗೆ ಮುಗಿಸುತ್ತಾಳೆ. ಇನ್‌ಶಾ ಅಲ್ಲಾಹ್, ಪರೀಕ್ಷೆಯಲ್ಲೂ ಹಾಗೇ ಆಗಲಿ.

ಅವಳೇ ಮಾಡಿದ ಒಂದು ಪ್ರಶ್ನೆ ನಿಮಗೆ: ಸಂಜೆ ಅಸರ್ ನಮಾಝಿನ ನಂತರ ಉಮ್ಮ ಅಂಗಳದಲ್ಲಿ ಕುಳಿತಿದ್ದಾರೆ. ಅವರ ನೆರಳು ಅವರ ಬಲಕ್ಕೆ ಬಿದ್ದಿದೆ. ಅವರಿಗೆ ಎದುರಾಗಿ ಕುಳಿತ ನನ್ನ ಮುಖ ಯಾವ ದಿಕ್ಕಿಗಿದೆ?