ಹಾಸಿಗೆ ಇದ್ದಷ್ಟೇ ಯಾಕೆ ಕಾಲು ಚಾಚಬೇಕು?

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಶಾಲೆಯಲ್ಲಿ ನಮಗೆ ಬಾಯಿಪಾಠ ಮಾಡಿಸಿದರು. ಹಾಸಿಗೆಯನ್ನು ಯಾರು ಹೊಲಿದರು, ಯಾರ ಅಳತೆಗೆ ಹೊಲಿದರು ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ. ಹಾಸಿಗೆ ಗಿಡ್ಡವಾದರೆ ತಪ್ಪು ಕಾಲಿನದು. ಈ ನ್ಯಾಯ ಬರೀ ಹಾಸಿಗೆಯದಲ್ಲ. ಹಾಸ್ಟೆಲಿನ ಮಂಚ, ಕಾಲೇಜಿನ ಬೆಂಚು, ಸರ್ಕಾರ ಕೊಡುವ ಯೂನಿಫಾರಂ, ಸೈಕಲ್ಲು, ಎಲ್ಲವೂ ಯಾರೋ ಒಬ್ಬ 'ಸಾಮಾನ್ಯ ಮನುಷ್ಯ'ನ ಅಳತೆಗೆ ತಯಾರಾಗುತ್ತವೆ. ಆ ಸಾಮಾನ್ಯ ಮನುಷ್ಯನನ್ನು ನಾವು ನಮ್ಮ ಕೇರಿಯಲ್ಲಿ ಇದುವರೆಗೆ ಕಂಡಿಲ್ಲ.

ಸೈಕಲ್ಲಿನ ಮಾತನ್ನೇ ತಗೊಳ್ಳಿ. ನಮ್ಮ ಹಳ್ಳಿಗಳಿಗೆ ಬಂದದ್ದು 22 ಇಂಚಿನ, 24 ಇಂಚಿನ ಫ್ರೇಮು, 28 ಇಂಚಿನ ಚಕ್ರ. ಹತ್ತು ವರ್ಷದ ಮಕ್ಕಳಿಗೆ ಸೀಟು ಎಟುಕದು. ಬಾರಿನ ಕೆಳಗೆ ಕಾಲು ತೂರಿಸಿ, ಮೈಯನ್ನು ಕುಡುಗೋಲಿನ ಹಾಗೆ ಬಗ್ಗಿಸಿ, ಒಳಪೆಡ್ಲು ತುಳಿದೇ ನಾವೆಲ್ಲ ಸೈಕಲ್ ಕಲಿತದ್ದು. ಕಾಲು ಎಟುಕುವಷ್ಟು ಬೆಳೆದ ನಮ್ಮ ಅಪ್ಪಂದಿರಿಗೆ ಇನ್ನೊಂದು ಕಟ್ಟಳೆ ಕಾದಿತ್ತು. ಊರೊಳಗಿನ ಬೀದಿ ಬಂದರೆ ಸೀಟಿನಿಂದ ಇಳಿದು ತಳ್ಳಿಕೊಂಡು ಹೋಗಬೇಕು.

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಅದು ದೊಡ್ಡ ಕೆಲಸವೇ. ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್ಲಿನ ಮೇಲೆ ದೂರದ ಹೈಸ್ಕೂಲು ಮುಟ್ಟಿದರು. ಆದರೆ ಅಲ್ಲಿಯೂ ಹುಡುಗರಿಗೊಂದು, ಹುಡುಗಿಯರಿಗೊಂದು ನಮೂನೆ. ಒಂದೇ ತರಗತಿಯಲ್ಲಿ ನಾಲ್ಕೂವರೆ ಅಡಿಯ ಮಗುವೂ ಇರುತ್ತೆ, ಐದೂವರೆ ಅಡಿಯ ಮಗುವೂ ಇರುತ್ತೆ ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು.

ಈ ಅಳತೆಯ ಪ್ರಶ್ನೆ ನಮ್ಮ ಮುಂದೆ ಗಟ್ಟಿಯಾಗಿ ನಿಂತದ್ದು ನಮ್ಮ ಕೇರಿಯ ಹುಡುಗಿಯೊಬ್ಬಳಿಂದ. ನಾಲೆಯಲ್ಲಿ ಈಜು ಕಲಿತವಳು, ಬರಿಗಾಲಲ್ಲಿ ಓಡಿ ತಾಲ್ಲೂಕಿನವರೆಗೂ ಗೆದ್ದವಳು. ಕಾಲೇಜಿಗೆ ಹೋದ ಮೇಲೆ 'ಟ್ರಯಥ್ಲಾನ್ ಮಾಡ್ತೀನಿ' ಅಂದಳು. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಬಿಡುವಿಲ್ಲದೆ ಮುಗಿಸುವ ಪಂದ್ಯ ಅದು. 2000ದ ಸಿಡ್ನಿ ಒಲಿಂಪಿಕ್ಸಿನಿಂದ ಅಲ್ಲಿಯೂ ಇದೆ: ಈಜು 1.5, ಸೈಕಲ್ 40, ಓಟ 10 ಕಿ.ಮೀ. ಅವಳು ಹೊರಟದ್ದು ಇದರ ಅರ್ಧಕ್ಕೆ. ಕೆರೆಯ ನೀರು ಮುಟ್ಟುವುದಕ್ಕೇ 1927ರಲ್ಲಿ ಬಾಬಾಸಾಹೇಬರು ಮಹಾಡದಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಅಂಥ ಜನದ ಮಗಳು ನೀರಿಗಿಳಿದು, ಎದ್ದು, ಸೈಕಲ್ ಹತ್ತಿ ಎಲ್ಲಿಯೂ ಇಳಿಯದೆ ಹೋಗುತ್ತೇನೆ ಅಂದರೆ ನಮಗೆ ಅದು ಆಟವಾಗಿ ಮಾತ್ರ ಕಾಣಲಿಲ್ಲ. ಇಬ್ಬರು ಮೇಷ್ಟ್ರು, ಒಬ್ಬ ಕಂಡಕ್ಟರ್, ಒಬ್ಬ ಸೈಕಲ್ ಶಾಪಿನವನು, ನಾಲ್ಕು ಜನ ಸೇರಿ ದುಡ್ಡು ಹಾಕಿದೆವು.

ಬೆಂಗಳೂರಿನ ದೊಡ್ಡ ಅಂಗಡಿಯೊಂದಕ್ಕೆ ಕರಕೊಂಡು ಹೋದೆವು. ಅವರು ಕೇಳಿದ್ದು ಎತ್ತರ ಒಂದನ್ನೇ. ಗೋಡೆಯ ಪಟ್ಟಿ ನೋಡಿ ಎಲ್ಲಕ್ಕಿಂತ ಚಿಕ್ಕ ಸೈಕಲ್ ತಂದು ಕೂರಿಸಿದರು. ಸೀಟು ಕಾಲಿಗೆ ಸರಿಯಾದರೆ ಹ್ಯಾಂಡಲ್ ದೂರ. ಮೊಣಕೈ ಊರಲು ಚಾಚಿ ಚಾಚಿ ಸೀಟಿನ ತುದಿಗೆ ಜಾರಿದಳು. ಹತ್ತು ನಿಮಿಷಕ್ಕೆ ಕತ್ತು ಸೆಟೆಯಿತು. ಅಂಗಡಿಯವರು, 'ಇವರ ಬಾಡೀನೇ ಹಂಗಿದೆ, ಕಾಲು ಜಾಸ್ತಿ ಉದ್ದ. ಓಡಿಸ್ತಾ ಓಡಿಸ್ತಾ ಮೈ ಒಗ್ಗಿಕೊಳ್ಳುತ್ತೆ ಬಿಡಿ' ಅಂದರು. ಹುಡುಗಿ, 'ನನ್ನ ಕಾಲು ಸರಿಯಾಗೇ ಅವೆ ಸಾರ್, ನಿಮ್ಮ ಸೈಕಲ್ಲೇ ಉದ್ದ' ಅಂದಳು.

ಒಗ್ಗಿಕೊಳ್ಳುತ್ತೆ! ಗೆಳೆಯರೇ, ಈ ಮಾತು ನಮ್ಮ ಕಿವಿಗೆ ಹೊಸದೇ? ಊರ ಹೊರಗಿನ ಗುಡಿಸಲಿಗೆ, ಬೇರೆ ಲೋಟಕ್ಕೆ, ಹಿಂದಿನ ಬೆಂಚಿಗೆ ಒಗ್ಗಿಕೊಳ್ಳಿ ಎಂದೇ ಹೇಳುತ್ತ ಬಂದರು. ಬದಲಾಗಬೇಕಾದ್ದು ಯಾವಾಗಲೂ ನಮ್ಮ ಮೈ.

ಕೇರಿಗೆ ವಾಪಸ್ ಬಂದು ಸಂಗತಿ ಹೇಳಿದಾಗ ಕೆರ ಹೊಲಿಯುವ ನಮ್ಮ ತಾತ ನಕ್ಕರು. 'ಅಲ್ಲ ಕನಪ್ಪ, ಪಾದ ನೋಡ್ದೆ ಕೆರ ಹೊಲಿಯಕಾಯ್ತದಾ? ಎಡಗಾಲೇ ಬ್ಯಾರೆ, ಬಲಗಾಲೇ ಬ್ಯಾರೆ.' ಚರ್ಮದ ಮೇಲೆ ಪಾದ ಊರಿಸಿ ಸುತ್ತ ಗೆರೆ ಎಳೆದು ಕತ್ತರಿಸುವ ವಿದ್ಯೆ ಅವರದು. ಇಡೀ ಊರಿನ ಕಾಲಿಗೆ ಅಳತೆ ಹಿಡಿದವರು, ಅದೇ ಊರಿನ ಬೀದಿಯಲ್ಲಿ ಕೆರ ಕೈಯಲ್ಲಿ ಹಿಡಿದು ನಡೆದವರು. ಅಳತೆ ಶುರುವಾಗಬೇಕಾದ್ದು ಮೈಯಿಂದ, ಸಾಮಾನಿನಿಂದಲ್ಲ. ತಾತ ಅಷ್ಟು ಹೇಳಿದ್ದೇ ನಮಗೆ ಸಾಕಾಯಿತು.

ಹುಡುಗಿಯ ಅವ್ವನ ಕೈಗೆ ಟೇಪು ಕೊಟ್ಟೆವು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿಗೆ ರಟ್ಟಿನ ಪುಸ್ತಕ ಒತ್ತಿ ಹಿಡಿದರೆ ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಕಾಲಿನ ಒಳ ಅಳತೆ. ಎತ್ತರ 152 ಸೆಂ.ಮೀ., ಕಾಲು 75. ಹತ್ತಿರ ಹತ್ತಿರ ಅರ್ಧ ಮೈ ಕಾಲೇ. ಈ 75ನ್ನು 0.883ರಿಂದ ಗುಣಿಸಿದರೆ 66. ಕ್ರ್ಯಾಂಕ್ ತಿರುಗುವ ಆಕ್ಸಲ್ಲಿನ ನಡುವಿನಿಂದ ಸೀಟಿನ ಮೇಲಕ್ಕೆ ಅಷ್ಟು ಸೆಂ.ಮೀ. ಇಟ್ಟು ಶುರುಮಾಡಬಹುದು. ಆಮೇಲೆ ತುಳಿದು ನೋಡಿ ತಿದ್ದಬೇಕು.

ಸೀಟು ಏರುತ್ತೆ, ಇಳಿಯುತ್ತೆ. ಫ್ರೇಮಿನ ಮುಂಭಾಗ ಹಾಗಲ್ಲ. ಅದಕ್ಕೆ ಎರಡು ಅಳತೆ ಮುಖ್ಯ. ಕ್ರ್ಯಾಂಕ್ ಆಕ್ಸಲ್ಲಿಗಿಂತ ಹ್ಯಾಂಡಲ್ ಕೂರುವ ಪೈಪಿನ ತಲೆ ಎಷ್ಟು ಮೇಲಿದೆ ಅನ್ನೋದು 'ಸ್ಟ್ಯಾಕ್', ಎಷ್ಟು ಮುಂದಿದೆ ಅನ್ನೋದು 'ರೀಚ್'. ಕಾಲು ಉದ್ದ, ಮುಂಡ ಗಿಡ್ಡ ಇದ್ದವರಿಗೆ ಸ್ಟ್ಯಾಕ್ ಹೆಚ್ಚು, ರೀಚ್ ಕಡಿಮೆ ಬೇಕು. ಮೇಲಿನ ಪೈಪಿನ ಉದ್ದ ನೋಡಿ ಮೋಸ ಹೋಗಬಾರದು. ಸೀಟಿನ ಪೈಪನ್ನು ನೆಟ್ಟಗೆ ನಿಲ್ಲಿಸಿದರೆ ಮೇಲಿನ ಪೈಪು ಗಿಡ್ಡವಾಗುತ್ತೆ, ರೀಚ್ ಇದ್ದಷ್ಟೇ ಇರುತ್ತೆ. ಕಾಗದದ ಮೇಲೆ ಸುಧಾರಣೆ, ನೆಲದ ಮೇಲೆ ಅದೇ ದೂರ. ಇಂಥ ಲೆಕ್ಕ ನಮಗೆ ಹೊಸದಲ್ಲ.

ಚಿಕ್ಕ ಫ್ರೇಮಿಗೂ ದೊಡ್ಡವರ 700ಸಿ ಚಕ್ರವನ್ನೇ ಹಾಕುವುದು ಇನ್ನೊಂದು ತೊಡಕು. ಮುಂದಿನ ಚಕ್ರ ಕಾಲ್ಬೆರಳಿಗೆ ತಾಗದ ಹಾಗೆ ದೂರ ಇಡಬೇಕಾಗುತ್ತೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯಾನ್ ಎಂಪ್‌ಫೀಲ್ಡ್ ಟ್ರಯಥ್ಲಾನ್‌ಗೆಂದೇ ಸೈಕಲ್ ಕಟ್ಟಿದಾಗ ಚಕ್ರ ಸಣ್ಣದಿತ್ತು, ಸೀಟಿನ ಪೈಪು ನೆಟ್ಟಗಿತ್ತು. ಆಮೇಲೆ ಎಲ್ಲರಿಗೂ ಒಂದೇ ಚಕ್ರ ಮಾಡುವುದು ಕಂಪನಿಗಳಿಗೆ ಲಾಭವಾಯಿತು. ಚಿಕ್ಕ ಮೈಯವರ ಚಕ್ರ ಮಾರುಕಟ್ಟೆಯಿಂದ ಬಹುಮಟ್ಟಿಗೆ ಸರಿದುಹೋಯಿತು.

ಹೊಸ ಸೈಕಲ್ ನಮ್ಮ ಕೈಗೆ ಎಟುಕುವ ಮಾತಲ್ಲ. ಯಾರೋ ಓಡಿಸಿ ಬಿಟ್ಟ ಚಿಕ್ಕ ರೋಡ್ ಸೈಕಲ್ಲನ್ನು, ಗಾರೆ ಕೆಲಸದ ತೂಗುಗುಂಡು ಇಳಿಬಿಟ್ಟು ಅಳೆದು ನೋಡಿ ಕೊಂಡೆವು. ಸೀಟನ್ನು ಮುಂದಕ್ಕೆ ಸರಿಸಿ, ಹ್ಯಾಂಡಲ್ಲಿಗೆ ಗಿಡ್ಡ ಸ್ಟೆಮ್ ಹಾಕಿದೆವು. ಮೊಣಕೈ ಊರುವ ದಿಂಬುಗಳನ್ನು ಎತ್ತರಿಸಿ ಹಿಂದಕ್ಕೆ ಎಳೆದೆವು. 170 ಮಿ.ಮೀ. ಕ್ರ್ಯಾಂಕ್ ತೆಗೆದು 160ರದು ಹಾಕಿ, ಆ ಒಂದು ಸೆಂಟಿಮೀಟರ್ ಸೀಟನ್ನು ಏರಿಸಿದೆವು. ಮಂಡಿ ಎದೆಗೆ ಗುದ್ದುವುದು ನಿಂತಿತು. ನಾಲೆ ಏರಿಯ ಮೇಲೆ 20 ಕಿ.ಮೀ. ತುಳಿದು, ಇಳಿದು, 5 ಕಿ.ಮೀ. ಓಡಿ ಬಂದಳು. 'ಬೆನ್ನು ಹೆಂಗದವ್ವಾ?' ಅಂದೆವು. 'ಬೆನ್ನು ಅದೆ ಅನ್ನೋದೇ ಮರ್ತೋಗಿತ್ತು ಕನಣ್ಣ' ಅಂದಳು. ಪಂದ್ಯದಲ್ಲಿ ಪದಕ ಬರಲಿಲ್ಲ. ಪೂರ್ತಿ ಮುಗಿಸಿದಳು. ಅವಳ ಹಿಂದೆ ಹನ್ನೊಂದು ಜನ ಇದ್ದರು.

ಸೈಕಲ್ಲನ್ನು ತನ್ನ ಮೈಗೆ ಒಗ್ಗಿಸಿದವರನ್ನು ದೊರೆಗಳು ಎಲ್ಲ ಕಡೆಯೂ ಸಹಿಸುವುದಿಲ್ಲ. ಸ್ಕಾಟ್ಲೆಂಡಿನ ಗ್ರೇಮ್ ಓಬ್ರೀ ವಾಷಿಂಗ್ ಮೆಷೀನಿನ ಬೇರಿಂಗ್ ಹಾಕಿ ತಾನೇ ಕಟ್ಟಿದ ಸೈಕಲ್ಲಿನಲ್ಲಿ 1993ರಲ್ಲಿ ಒಂದು ಗಂಟೆಗೆ 51.596 ಕಿ.ಮೀ. ತುಳಿದು ವಿಶ್ವದಾಖಲೆ ಮಾಡಿದ. ಮರುವರ್ಷ ಸೈಕಲ್ ರೇಸಿನ ಅಂತರರಾಷ್ಟ್ರೀಯ ಒಕ್ಕೂಟ ಅವನು ಕೂರುವ ಭಂಗಿಯನ್ನೇ ನಿಷೇಧಿಸಿತು. ಅವನು ಇನ್ನೊಂದು ಭಂಗಿ ಕಂಡುಕೊಂಡು 1995ರಲ್ಲಿ ವಿಶ್ವ ಚಾಂಪಿಯನ್ ಆದ. ಆಮೇಲೆ ಅದನ್ನೂ ನಿಷೇಧಿಸಿದರು. ನಿಯಮಕ್ಕೂ ಒಂದು ಮೈ ಇದೆ, ಅದು ಯಾರದ್ದು ಎಂದು ಕೇಳುತ್ತಲೇ ಇರಬೇಕು.

ಹಳ್ಳಿಯ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ನಮ್ಮದೊಂದು ಕೇಳಿಕೆ. ನಿಮ್ಮ ಶಾಲೆಯ ಅಂಗಳದಲ್ಲಿ ನಿಂತ ಸೈಕಲ್ಲುಗಳನ್ನು ಒಂದು ದಿನ ನೋಡಿ. ಒಂದು ಸ್ಪ್ಯಾನರ್ ಸಾಕು. ಮಗು ಸೀಟಿನ ಮೇಲೆ ಕೂತು, ಕೆಳಗೆ ಬಂದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಅಲ್ಲಿಗೆ ಸೀಟು ಬಿಗಿಯಿರಿ. ಎಷ್ಟು ಇಳಿಸಿದರೂ ಎಟುಕದ ಮಗು ಇದ್ದರೆ ಅದರ ಅಳತೆ ಬರೆದು ಇಲಾಖೆಗೆ ಕಳಿಸಿ. ಮಗುವಿಗೆ ಮಾತ್ರ 'ಒಗ್ಗಿಕೋ' ಅನ್ನಬೇಡಿ.