ಇನ್ಸುಲಿನ್ ಮತ್ತು ಪ್ರಾರ್ಥನೆ (ಭಾನುವಾರದ ಮಾತು, ಭಾಗ 7)

ಹೋದ ವಾರದ ಪೋಸ್ಟ್ ನೋಡಿ ನಮ್ಮ ಕ್ಲಾಸ್‌ನವಳೊಬ್ಬಳು ಕೇಳಿದ್ಳು: "ಪ್ರಾರ್ಥನೆ ಮಾಡಿದ್ರೆ ದೇವರು ವಾಸಿ ಮಾಡ್ತಾನೆ ಅಂತ ನಂಬ್ತೀರಲ್ಲ, ಮತ್ತೆ ನಿನ್ನ ತಂಗಿ ಯಾಕೆ ದಿನಾ ಇಂಜೆಕ್ಷನ್ ತಗೋತಾಳೆ?" ಕೊಂಕು ಮಾತಲ್ಲ, ತಿಳ್ಕೊಳ್ಳೋಕೆ ಕೇಳಿದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ, ಟೀ ಹಿಡ್ಕೊಂಡು ಓದಿ. ತಂಗಿಯನ್ನ ಕೇಳಿಯೇ ಬರೀತಿದ್ದೀನಿ. "ಹೆಸರು ಹಾಕ್ಬೇಡ, ಫೋಟೋ ಅಂತೂ ಬೇಡ್ವೇ ಬೇಡ" ಅಂದಿದ್ದಾಳೆ.

ಅವಳಿಗೆ ಹತ್ತನೇ ವಯಸ್ಸಿಗೆ ಟೈಪ್ 1 ಡಯಾಬಿಟಿಸ್ ಬಂತು. ಈಗ 14. ಇದು ಸಿಹಿ ಜಾಸ್ತಿ ತಿಂದು ಬರೋ ಕಾಯಿಲೆ ಅಲ್ಲ. ನಮ್ಮನ್ನ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸೋ ಜೀವಕೋಶಗಳನ್ನ ನಾಶ ಮಾಡುತ್ತೆ. ಹಾಗಾಗಿ ಅವಳು ಊಟಕ್ಕೆ ಮುಂಚೆ ಬೆರಳು ಚುಚ್ಚಿ ಶುಗರ್ ನೋಡ್ತಾಳೆ, ದಿನಕ್ಕೆ ನಾಲ್ಕು ಸಲ ಇಂಜೆಕ್ಷನ್ ತಗೋತಾಳೆ. ನಮ್ಮ ಫ್ರಿಜ್ಜಲ್ಲಿ ಬೆಣ್ಣೆ ಡಬ್ಬಿ ಪಕ್ಕದಲ್ಲೇ ಅವಳ ಇನ್ಸುಲಿನ್ ಇರುತ್ತೆ.

ನೂರು ವರ್ಷಕ್ಕಿಂತ ಸ್ವಲ್ಪ ಹಿಂದೆ ಹೋದ್ರೆ ಈ ಔಷಧಿಯೇ ಇರಲಿಲ್ಲ. ಟೈಪ್ 1 ಬಂದ ಮಕ್ಕಳು ಬಹಳ ದಿನ ಬದುಕ್ತಿರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ್ರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ ಹುಡುಗನಿಗೆ ಮೊದಲ ಸಲ ಕೊಟ್ರು. ಸಾಯೋ ಸ್ಥಿತಿಯಲ್ಲಿದ್ದವನು ಆಮೇಲೆ 13 ವರ್ಷ ಬದುಕಿದ. ಇಂಜೆಕ್ಷನ್ ಹಾಕಿಸ್ಕೊಂಡಾಗ ಅವನ ವಯಸ್ಸೂ 14.

ಹೋದ ವರ್ಷ ನಮ್ಮನೇಲಿ ಪ್ರಾರ್ಥನಾ ಕೂಟ ಇತ್ತು. ಹೊರಗಡೆಯಿಂದ ಬಂದಿದ್ದ ಬೋಧಕರೊಬ್ಬರು ತಂಗಿಯ ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥನೆ ಮಾಡಿದ್ರು. ಆಮೇಲೆ, "ಈಗ ವಾಸಿ ಆಯ್ತು ಅಂತ ನಂಬಿ. ನಂಬಿಕೆಗೆ ಗುರುತಾಗಿ ಇವತ್ತಿಂದ ಇಂಜೆಕ್ಷನ್ ಬಿಟ್ಟುಬಿಡಿ" ಅಂದ್ರು. ಮನೆ ತುಂಬ ಜನ. ಅಮ್ಮ ಅಪ್ಪನ ಮುಖ ನೋಡಿದ್ರು. ಅಪ್ಪ ಮೆಲ್ಲಗೆ, "ಅಯ್ಯನವರೇ, ಪ್ರಾರ್ಥನೆಗೆ ವಂದನೆ. ಮಗಳಿಗೆ ಊಟದ ಹೊತ್ತಾಯ್ತು, ಇಂಜೆಕ್ಷನ್ ಹಾಕ್ಬೇಕು" ಅಂತ ಎದ್ದು ಫ್ರಿಜ್ ತೆಗೆದ್ರು. ಹೊರಡೋವಾಗ ಆ ಬೋಧಕರು "ನಿಮ್ಮ ನಂಬಿಕೆ ಸಾಲದು" ಅಂತ ಹೇಳಿಯೇ ಹೋದ್ರು.

ಆ ರಾತ್ರಿ ತಂಗಿ ಪಕ್ಕದಲ್ಲಿ ಮಲಗಿ ಕೇಳಿದ್ಳು: "ಅಕ್ಕಾ, ನಂಗೆ ನಂಬಿಕೆ ಕಮ್ಮಿ ಇರೋದಕ್ಕೇ ವಾಸಿ ಆಗ್ತಿಲ್ವಾ?"

ಕಾಯಿಲೆಗಿಂತ ಆ ಪ್ರಶ್ನೆ ನನಗೆ ಜಾಸ್ತಿ ಭಯ ತರಿಸ್ತು. ಅವಳ ಮೈಗೆ ಈಗಾಗ್ಲೇ ಒಂದು ಹೊರೆ ಇದೆ. ಈಗ ಮನಸ್ಸಿನ ಮೇಲೆ ಇನ್ನೊಂದು ಹೊರಿಸಿ ಹೋಗಿದ್ರು. "ಇಲ್ಲ ಕಣೇ" ಅಂತ ಹೇಳಿ ಬೈಬಲ್ ತೆಗೆದೆ. ಇಬ್ರೂ ಕೂತು ಓದಿದ್ವಿ.

ಮೊದಲು ಮಾರ್ಕನ ಸುವಾರ್ತೆಯ ಒಂದನೇ ಅಧ್ಯಾಯ. ಒಬ್ಬ ಕುಷ್ಠರೋಗಿ ಯೇಸುವಿನ ಮುಂದೆ ಮೊಣಕಾಲೂರ್ತಾನೆ. ಗುಣಮಾಡೋ ಶಕ್ತಿ ಯೇಸುವಿಗೆ ಇದೆ ಅನ್ನೋದರಲ್ಲಿ ಅವನಿಗೆ ಸಂಶಯವೇ ಇಲ್ಲ. ಆದ್ರೆ ಮಾಡೋದು ಬಿಡೋದು ಯೇಸುವಿನ ಮನಸ್ಸಿಗೆ ಬಿಟ್ಟದ್ದು ಅಂತಾನೆ. ಆ ಮಾತಿಗೆ ಯೇಸು ಅವನನ್ನ ಬೈಯಲಿಲ್ಲ, ನಂಬಿಕೆ ಸಾಲದು ಅನ್ನಲಿಲ್ಲ. ಯಾರೂ ಮುಟ್ಟದ ಆ ಮೈಯನ್ನ ಮುಟ್ಟಿ ವಾಸಿಮಾಡಿದ್ರು. ಅಷ್ಟೇ ಅಲ್ಲ, ಹೋಗಿ ಯಾಜಕನಿಗೆ ತೋರಿಸು ಅಂತಲೂ ಹೇಳಿದ್ರು. ಕುಷ್ಠ ಹೋಗಿದ್ಯಾ ಅಂತ ಪರೀಕ್ಷೆ ಮಾಡಿ ಹೇಳೋದು ಆ ಕಾಲದಲ್ಲಿ ಯಾಜಕರ ಕೆಲಸ. ಅಂದ್ರೆ ನಿಜವಾಗಿ ವಾಸಿಯಾದದ್ದು ಪರೀಕ್ಷೆಗೆ ಹೆದರೋದಿಲ್ಲ. ತಂಗಿಯ ಶುಗರ್ ಯಾವತ್ತಾದ್ರೂ ತಾನಾಗೇ ಸರಿಹೋದ್ರೆ ಗ್ಲುಕೋಮೀಟರ್ ಹೇಳುತ್ತೆ, ಡಾಕ್ಟರೂ ಹೇಳ್ತಾರೆ.

ಆಮೇಲೆ ಪೌಲ. ಮಾಲ್ಟಾ ದ್ವೀಪದಲ್ಲಿ ಜ್ವರ, ಭೇದಿಯಿಂದ ಮಲಗಿದ್ದ ಒಬ್ಬರಿಗೆ ಅವನು ಪ್ರಾರ್ಥನೆ ಮಾಡಿ ಕೈಯಿಟ್ಟಾಗ ವಾಸಿಯಾಯ್ತು. ಅದೇ ಪೌಲ ತನ್ನ ಜೊತೆಯ ತ್ರೊಫಿಮನನ್ನ ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದೆ ಅಂತ ಬರೀತಾನೆ. ಪದೇ ಪದೇ ಹುಷಾರು ತಪ್ಪುತ್ತಿದ್ದ ತಿಮೊಥೆಯನಿಗೆ, ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತಗೋ ಅಂತಾನೆ. ಅವನ ಜೊತೆಗಾರ ಲೂಕ ವೈದ್ಯ. ತನ್ನ ಮೈಯೊಳಗಿನ ಮುಳ್ಳನ್ನ ತೆಗಿ ಅಂತ ಪೌಲ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ತಾಳಿಕೊಳ್ಳೋಕೆ ಬೇಕಾದಷ್ಟು ಕೃಪೆ ಇದೆ ಅನ್ನೋ ಉತ್ತರ ಸಿಕ್ತು. ಪೌಲನಿಗೆ ನಂಬಿಕೆ ಕಮ್ಮಿ ಇತ್ತು ಅಂತ ಯಾವ ಬೋಧಕರೂ ಹೇಳಲ್ಲ!

ಇದನ್ನ ಓದಿದಾಗ ತಂಗಿ, "ಪೌಲ ಕೇಳಿದ್ದು ಮೂರೇ ಸಲಾನಾ? ನಾನು ಮೂರು ಸಾವಿರ ಸಲ ಕೇಳಿರ್ಬೋದು" ಅಂದ್ಳು. ಆಮೇಲೆ ನಕ್ಕಳು. ಬೆಳಿಗ್ಗೆ ಒಂದು, ರಾತ್ರಿ ಒಂದು, ನಾಲ್ಕು ವರ್ಷ. ಲೆಕ್ಕ ಹೆಚ್ಚುಕಮ್ಮಿ ಸರಿಯಾಗೇ ಇದೆ.

ವಿನಯದ ನಂಬಿಕೆ ಅಂದ್ರೆ ಕಮ್ಮಿ ಕೇಳೋದು ಅಂತ ಕೆಲವರು ಅನ್ಕೋತಾರೆ. ನಮ್ಮಮ್ಮ ಹಾಗೆ ಕೇಳೋದೇ ಇಲ್ಲ. ದಿನಾ ಪೂರ್ತಿ ವಾಸಿ ಮಾಡಪ್ಪಾ ಅಂತಾನೇ ಕೇಳ್ತಾರೆ. ಸೆರಗಲ್ಲಿ ಕಣ್ಣೊರೆಸ್ಕೊಂಡು ನಿನ್ನ ಚಿತ್ತ ಅಂತಾರೆ. ಕೊನೆಗೆ ಇನ್ಸುಲಿನ್‌ಗೂ ಡಾಕ್ಟರಿಗೂ ಸ್ತೋತ್ರ ಹೇಳ್ತಾರೆ. ಯೇಸುವೂ ಗೆತ್ಸೇಮನೆ ತೋಟದಲ್ಲಿ ಹೀಗೇ ಬೇಡಿದ್ದು: ಬೇಕಾದ್ದನ್ನ ಮುಚ್ಚುಮರೆ ಇಲ್ಲದೆ ತಂದೆಯ ಮುಂದಿಟ್ಟು, ತೀರ್ಮಾನ ತಂದೆಗೇ ಬಿಟ್ರು. ಮಗು ಅಪ್ಪನ ಹತ್ರ ಏನು ಬೇಕಾದ್ರೂ ಕೇಳಬಹುದು. ಆದ್ರೆ ಇಷ್ಟು ಹೊತ್ತಿಗೆ, ಹೀಗೇ ಕೊಡ್ಬೇಕು ಅಂತ ಆರ್ಡರ್ ಹಾಕಿದ್ರೆ ಅಪ್ಪನನ್ನ ಕೆಲಸದವನಂತೆ ನೋಡಿದ ಹಾಗೆ. ಸಿಗದಿದ್ದಾಗ ತಪ್ಪನ್ನ ರೋಗಿಯ ತಲೆಗೆ ಕಟ್ಟೋದಂತೂ ಇನ್ನೂ ಕೆಟ್ಟದ್ದು.

ಇನ್ನೊಂದು ಮಾತು, ದಯವಿಟ್ಟು ನೆನಪಲ್ಲಿಡಿ. ಟೈಪ್ 1 ಇರೋರು ಇನ್ಸುಲಿನ್ ನಿಲ್ಲಿಸಿದ್ರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಏರಿ ಜೀವಕ್ಕೇ ಅಪಾಯ ಬರುತ್ತೆ. ಯಾವ ಧರ್ಮದವರೇ ಆಗ್ಲಿ, ಎಷ್ಟೇ ದೊಡ್ಡವರು ಆಗ್ಲಿ, ನಿಲ್ಸು ಅಂದ್ರೆ ನಿಲ್ಲಿಸಬೇಡಿ. ಮೊದಲು ನಿಮ್ಮ ಡಾಕ್ಟರನ್ನ ಕೇಳಿ.

ಹುಷಾರಿಲ್ಲದ ಫ್ರೆಂಡ್ ನೋಡೋಕೆ ಹೋದಾಗ ಅವರ ನಂಬಿಕೆ ಅಳೆಯೋಕೆ ಹೋಗ್ಬೇಡಿ. ಪ್ರಾರ್ಥನೆ ಮಾಡೋರಾದ್ರೆ ಮೆಲ್ಲಗೆ, ಎರಡು ನಿಮಿಷ ಮಾಡಿ. ಆಮೇಲೆ ಮಾತ್ರೆ ತಗೊಂಡ್ರಾ ಅಂತ ಕೇಳಿ, ಒಂದು ಲೋಟ ನೀರು ತಂದುಕೊಡಿ.